ಮಿರರ್‌ಲೆಸ್ ತಗೊಂಡರೆ ಮುಂದೆ ಲೆನ್ಸ್ ಸಿಗುತ್ತದಾ? ಕ್ಯಾಮೆರಾ ಪ್ರಶ್ನೋತ್ತರ

ಸದಾಶಿವ (ಕ್ಯಾಮೆರಾ ರಿಪೇರಿ, ಕಾಸರಗೋಡು): ಎಲ್ಲರಿಗೂ ನಮಸ್ಕಾರ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬಗ್ಗೆ ಕೇಳಬೇಕಾದ್ದನ್ನು ಇವತ್ತು ಇಲ್ಲೇ ಕೇಳಿ. ಕೆಲಸದ ನಡುವೆ ಬಿಡುವಾದಾಗ ಬರೆಯುತ್ತೇನೆ. ಪರ್ಸನಲ್ ಮೆಸೇಜ್ ಬೇಡ, ಒಬ್ಬರಿಗೆ ಹೇಳಿದ್ದು ನಾಲ್ಕು ಜನರಿಗೆ ಉಪಯೋಗ ಆಗಲಿ.

ಗಣೇಶ, ಕುಂಬಳೆ: ಸದಾಶಿವಣ್ಣ, ನನ್ನದು ಕನ್ನಡಿ ಇರುವ ಡಿಎಸ್‌ಎಲ್‌ಆರ್, ನಿಕಾನ್ ಡಿ7200. 50 ಎಂಎಂ 1.8ಡಿ, ಮತ್ತೆ ಹಳೆಯ 80-200 2.8ಡಿ ಲೆನ್ಸ್ ಉಂಟು. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಅಂತ ಎಲ್ಲರೂ ಹೇಳುತ್ತಾರೆ. ನಿಕಾನ್‌ನ ಮಿರರ್‌ಲೆಸ್ ಝಡ್‌ಗೆ ಹೋದರೆ ಇವು ನಡೆಯುತ್ತವಾ?

ಸದಾಶಿವ: ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್ (ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಬಳೆ) ಹಾಕಿದರೆ ಕೂರುತ್ತದೆ, ಫೋಟೋ ಬರುತ್ತದೆ, ಆಟೋಫೋಕಸ್ ಬರುವುದಿಲ್ಲ. ‘ಡಿ’ ಲೆನ್ಸ್ ತಿರುಗಿಸುವ ಮೋಟಾರ್ ಡಿ7200ರ ಬಾಡಿಯೊಳಗೆ ಉಂಟು, ಆ ಅಡಾಪ್ಟರ್‌ನಲ್ಲಿ ಇಲ್ಲ. ಮೋಟಾರ್ ಲೆನ್ಸಿನೊಳಗೇ ಇರುವ ಎಎಫ್-ಎಸ್ ಲೆನ್ಸ್ ಆಗಿದ್ದರೆ ಈ ಕಷ್ಟ ಇರಲಿಲ್ಲ. ಕ್ಯಾಮೆರಾ ಸರಿಯಾಗಿ ಓಡುತ್ತಿದ್ದರೆ ಓಡಿಸಿ.

ಶ್ರುತಿ, ಪೆರ್ಲ: ಅಣ್ಣಾ, ಡಿಗ್ರಿ ಮುಗಿಸಿ ಈಗ ಸೀಮಂತ, ಉಪನಯನ, ಮಕ್ಕಳ ಫೋಟೋ ತೆಗೆಯಲು ಶುರು ಮಾಡಿದ್ದೇನೆ. ಇಷ್ಟು ದಿನ ಮಾವನ ಕ್ಯಾಮೆರಾ. ಒಬ್ಬರು ಕ್ಯಾನನ್ ಎಂ50 ಮಾರ್ಕ್ 2, ಜೊತೆಗೆ 15-45, 22 ಎಂಎಂ, 32 ಎಂಎಂ ಮೂರು ಲೆನ್ಸ್ ಸೆಕೆಂಡ್ ಹ್ಯಾಂಡ್ ಕೊಡುತ್ತೇನೆ ಅಂದಿದ್ದಾರೆ. “ಮುಂದೆ ಕ್ಯಾನನ್‌ನ ಆರ್50 ತಗೊಂಡರೆ ಒಂದು ಅಡಾಪ್ಟರ್ ಸಾಕು, ಲೆನ್ಸ್ ಎಲ್ಲ ಅದಕ್ಕೂ ಆಗುತ್ತದೆ” ಅಂತ ಹೇಳುತ್ತಾರೆ. ಅಮ್ಮ ಸೊಸೈಟಿಯಿಂದ ಸಾಲ ತೆಗೆದು ಕೊಡುವುದು. ನಾಳೆ ಅಡ್ವಾನ್ಸ್ ಕೊಡಬೇಕು.

ರಫೀಕ್, ಉಪ್ಪಳ: ಕ್ಯಾನನ್ ಬಿಡಿ, ಸೋನಿ ತಗೊಳ್ಳಿ. ಮದುವೆ ಕೆಲಸಕ್ಕೆ ಅದೇ ಬೆಸ್ಟ್.

ಸದಾಶಿವ: ಶ್ರುತಿ, ನಾಳೆ ಅಡ್ವಾನ್ಸ್ ಕೊಡಬೇಡಿ. ಇದನ್ನು ಪೂರ್ತಿ ಓದಿ, ಅಮ್ಮನಿಗೂ ಓದಿ ಹೇಳಿ.

ಎಂ50 ಕೆಟ್ಟ ಕ್ಯಾಮೆರಾ ಅಲ್ಲ. ಕೈಗೆ ಹಗುರ, ಬಣ್ಣ ಚೆನ್ನಾಗಿ ಬರುತ್ತದೆ, ಆ 32 ಎಂಎಂ 1.4 ಲೆನ್ಸ್ ಅಂತೂ ಬಹಳ ಒಳ್ಳೆಯದು. ಆದರೆ ಅಡಾಪ್ಟರ್ ಹಾಕಿದರೆ ಆರ್50ಗೆ ಆಗುತ್ತದೆ ಅನ್ನುವುದು ಸುಳ್ಳು. ಅವರಿಗೆ ಗೊತ್ತಿಲ್ಲದೆ ಹೇಳಿರಬಹುದು, ಆದರೂ ನಷ್ಟ ನಿಮಗೇ.

ಲೆನ್ಸ್ ಕೂರುವ ಬಳೆಯಿಂದ (ಅದೇ ಮೌಂಟ್) ಚಿತ್ರ ಹಿಡಿಯುವ ಸೆನ್ಸರ್‌ವರೆಗೆ ಇಂತಿಷ್ಟೇ ದೂರ ಅಂತ ಪ್ರತಿ ಮೌಂಟ್‌ಗೂ ಒಂದು ಅಳತೆ ಇರುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಇಎಫ್ ಮೌಂಟ್‌ಗೆ ಅದು 44 ಮಿಮೀ, ನಡುವೆ ಕನ್ನಡಿ ಏಳಲು ಜಾಗ ಬೇಕಲ್ಲ. ಎಂ ಕ್ಯಾಮೆರಾದ ಇಎಫ್-ಎಂ ಮೌಂಟ್‌ಗೆ 18 ಮಿಮೀ. ಆರ್50ರ ಆರ್‌ಎಫ್ ಮೌಂಟ್‌ಗೆ 20 ಮಿಮೀ. ಈಗ ಲೆಕ್ಕ ಹಾಕಿ. ಹಳೆಯ ಇಎಫ್ ಲೆನ್ಸನ್ನು ಆರ್50ಗೆ ಹಾಕುವಾಗ 24 ಮಿಮೀ ಜಾಗ ಉಳಿಯುತ್ತದೆ, ಅಷ್ಟು ದಪ್ಪದ ಅಡಾಪ್ಟರ್ ಕೂರಿಸಿದರೆ ಆಯಿತು. ಎಂ ಲೆನ್ಸ್ ಸೆನ್ಸರ್‌ನಿಂದ 18 ಮಿಮೀಯಲ್ಲಿ ಇರಬೇಕು, ಆದರೆ ಆರ್50ರ ಬಳೆಯೇ 20 ಮಿಮೀ ದೂರದಲ್ಲಿ ಉಂಟು. ಅಡಾಪ್ಟರ್ ಇಡಲು ಜಾಗವೇ ಇಲ್ಲ, ಲೆನ್ಸೇ 2 ಮಿಮೀ ಒಳಗೆ ಇಳಿಯಬೇಕು. ಅದಕ್ಕೇ ಕ್ಯಾನನ್ ಅಂಥ ಅಡಾಪ್ಟರ್ ಮಾಡಿಲ್ಲ.

ಎಂ ಸರಣಿ ಬಂದದ್ದು 2012ರಲ್ಲಿ. 2018ರಲ್ಲಿ ಆರ್ ಸರಣಿ ಬಂದಾಗಲೇ ಕ್ಯಾನನ್ ದಾರಿ ಬೇರೆಯಾಯಿತು. 2022ರಲ್ಲಿ ಆರ್7, ಆರ್10 ಬಂದವು, 2023ರಲ್ಲಿ ಆರ್50 ಬಂತು, ಅದೇ ವರ್ಷ ಎಂ ನಿಂತಿತು. ನಿಕಾನ್ 1 ಅಂತ ಇತ್ತು, 2011ರಲ್ಲಿ ಬಂದು 2018ರಲ್ಲಿ ಹೋಯಿತು. ಸ್ಯಾಮ್‌ಸಂಗ್ ಎನ್‌ಎಕ್ಸ್ ಕೂಡ ಹಾಗೇ. ನಿಂತ ಮೇಲೂ ಕ್ಯಾಮೆರಾ ಫೋಟೋ ತೆಗೆಯುತ್ತದೆ, ಅದರಲ್ಲಿ ಭಯ ಬೇಡ. ಆದರೆ ಆ ಲೆನ್ಸ್ ಮಾರಲು ಹೋದಾಗ ಕೊಳ್ಳುವವರು ಅದೇ ಹಳೆ ಬಾಡಿ ಇಟ್ಟುಕೊಂಡವರು ಮಾತ್ರ. ಕಂಪನಿ ಎಷ್ಟು ದೊಡ್ಡದು ಅಂತ ನೋಡಿ ಪ್ರಯೋಜನ ಇಲ್ಲ. ಈ ಲೆನ್ಸ್ ನನ್ನ ಮುಂದಿನ ಬಾಡಿಗೆ ಬರುತ್ತದಾ ಅಂತ ಕೇಳಬೇಕು.

ಅವರು ಬಾಡಿ ಮತ್ತು 15-45 ಮಾತ್ರ ಕಡಿಮೆಗೆ ಕೊಟ್ಟರೆ ತಗೊಳ್ಳಬಹುದು, ಕೆಲಸ ಕಲಿಯಲು ಸಾಕು. ಇನ್ನೊಂದು ಲೆನ್ಸ್ ಬೇಕಾದರೆ ಇಎಫ್ 50 ಎಂಎಂ 1.8 ತಗೊಂಡು, ಇಎಫ್‌ನಿಂದ ಎಂಗೆ ಬರುವ ಅಡಾಪ್ಟರ್ ಹಾಕಿ. ನಾಳೆ ಆರ್ ತಗೊಂಡಾಗ ಅಡಾಪ್ಟರ್ ಮಾತ್ರ ಬದಲಾಗುತ್ತದೆ, ಲೆನ್ಸ್ ಉಳಿಯುತ್ತದೆ. ಸಾಲದ ದುಡ್ಡನ್ನು 22, 32ಕ್ಕೆ ಹಾಕಬೇಡಿ.

ರಫೀಕ್, ಉಪ್ಪಳ: ಅದನ್ನೇ ನಾನು ಹೇಳಿದ್ದು. ಕ್ಯಾನನ್ ಕೈಕೊಡುತ್ತದೆ. ಸೋನಿಯಲ್ಲಿ ಈ ಸಮಸ್ಯೆ ಇಲ್ಲ.

ಪ್ರವೀಣ, ಮುಳ್ಳೇರಿಯ: ಸೋನಿಯವರೂ ಎ-ಮೌಂಟ್ ನಿಲ್ಲಿಸಿದರಲ್ಲ ರಫೀಕ್? ಆ ಲೆನ್ಸ್ ತಗೊಂಡವರು ಏನು ಮಾಡಬೇಕು?

ರಫೀಕ್, ಉಪ್ಪಳ: ಅದು ಡಿಎಸ್‌ಎಲ್‌ಆರ್ ಕಾಲದ್ದು. ಇಲ್ಲಿ ಮಾತು ಮಿರರ್‌ಲೆಸ್‌ದು. ನೀವು ಒಲಿಂಪಸ್‌ನ ಆ ಸಣ್ಣ ಸೆನ್ಸರ್ ಇಟ್ಟುಕೊಂಡು ನಮಗೆ ಹೇಳಬೇಡಿ. ಒಲಿಂಪಸ್ ಮುಚ್ಚಿಯೇ ಹೋಗಿದೆ.

ಪ್ರವೀಣ, ಮುಳ್ಳೇರಿಯ: ಮುಚ್ಚಿದ್ದಾರೆ ಅಂತ ಯಾರು ಹೇಳಿದ್ದು? ರಾಣಿಪುರಂ ಬೆಟ್ಟದಲ್ಲಿ ಇಡೀ ದಿನ ಹೊತ್ತುಕೊಂಡು ನಡೆಯಿರಿ, ಆಮೇಲೆ ನಿಮ್ಮ ದೊಡ್ಡ ಸೆನ್ಸರ್, ದೊಡ್ಡ ಲೆನ್ಸ್ ಬಗ್ಗೆ ಮಾತಾಡಿ.

ನೀರ್ಚಾಲು ಮಾಸ್ಟ್ರು: ಎಲ್ಲರ ಗಮನಕ್ಕೆ, ಇನ್ನೊಂದು ಗುಂಪಿನಿಂದ ಬಂದದ್ದು: “ಮಳೆಗಾಲದಲ್ಲಿ ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಇಡಿ. ಲೆನ್ಸ್‌ಗೆ ಫಂಗಸ್ ಬಂದರೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಒರೆಸಿ. ಬ್ಯಾಗಿನಲ್ಲಿ ಎರಡು ನುಸಿಗುಳಿಗೆ ಹಾಕಿ.” ಉಪಯುಕ್ತ ಅನಿಸಿತು.

ಸದಾಶಿವ: ಮಾಸ್ಟ್ರೇ, ದಯವಿಟ್ಟು ಇದನ್ನು ಇಲ್ಲಿಂದ ಮುಂದೆ ಕಳಿಸಬೇಡಿ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ, ಲೆನ್ಸಿನ ಮೇಲಿನ ಕೋಟಿಂಗ್ ಹೋಗುತ್ತದೆ, ಮತ್ತೆ ಅದು ಬರುವುದಿಲ್ಲ. ಫಂಗಸ್ ಹೆಚ್ಚಾಗಿ ಒಳಗಿನ ಗಾಜಿಗೆ ಬರುವುದು, ಹೊರಗೆ ಉಜ್ಜಿ ಏನು ಮಾಡುತ್ತೀರಿ? ಅಕ್ಕಿಯ ಹುಡಿ ಬಟನ್ ಸಂದಿಗೆಲ್ಲ ಹೋಗುತ್ತದೆ. ನುಸಿಗುಳಿಗೆಯ ಆವಿ ಗಾಜಿನ ಮೇಲೆ ಕೂರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಮೀ ದಾಟಿ ಮಳೆ ಬರುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್, ಇಷ್ಟು ಸಾಕು. ಮೀಟರ್ ಶೇ. 40ರಿಂದ 50ರೊಳಗೆ ಇರಲಿ. ನೀಲಿ ಜೆಲ್ ಗುಲಾಬಿ ಆದರೆ ಬಿಸಿ ಮಾಡಿ ಒಣಗಿಸಿ.

ನೀರ್ಚಾಲು ಮಾಸ್ಟ್ರು: ನಾನು ಒಳ್ಳೆಯದಕ್ಕೇ ಹಾಕಿದ್ದು. ಬಿಸಿಲಿಗೆ ಇಟ್ಟರೆ ಫಂಗಸ್ ಸಾಯುತ್ತದೆ ಅಂತಲೂ ಉಂಟು ಅದರಲ್ಲಿ.

ಸದಾಶಿವ: ಬಿಸಿಲಿಗೂ ಇಡಬೇಡಿ. ಗ್ರೀಸ್ ಕರಗಿ, ಒಳಗೆ ಬೆಳಕು ಹೆಚ್ಚು ಕಡಿಮೆ ಮಾಡುವ ಅಪರ್ಚರ್ ಬ್ಲೇಡ್‌ಗೆ ಬರುತ್ತದೆ. ಮಿರರ್‌ಲೆಸ್ ಬಾಡಿಗೆ ಲೆನ್ಸ್ ಹಾಕಿ ಸೂರ್ಯನ ಕಡೆ ತಿರುಗಿಸಿ ಇಟ್ಟರೆ ಒಳಗೆ ಸುಡುತ್ತದೆ. ಈ ವಿಷಯ ಇಲ್ಲಿಗೆ ನಿಲ್ಲಲಿ.

ಲತಾ, ಮಂಜೇಶ್ವರ: ನಮಸ್ತೆ. ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾದ ಲೆನ್ಸ್‌ಗಳು ಉಂಟು. ಯಾವುದಾದರೂ ಮಿರರ್‌ಲೆಸ್‌ಗೆ ಹಾಕಬಹುದಾ?

ಹರೀಶ, ಬದಿಯಡ್ಕ: ಯಾವ ಕ್ಯಾಮೆರಾ ಒಳ್ಳೆಯದು? ಬಜೆಟ್ 60 ಸಾವಿರ.

ಸದಾಶಿವ: ಏನು ತೆಗೆಯುತ್ತೀರಿ ಅಂತ ಹೇಳದೆ ಉತ್ತರ ಇಲ್ಲ.

ಒಲಿಂಪಸ್ ವಿಷಯ ಸರಿ ಮಾಡುತ್ತೇನೆ, ಇಬ್ಬರೂ ಅರ್ಧರ್ಧ ಹೇಳಿದ್ದೀರಿ. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಕೈಬಿಟ್ಟದ್ದು ನಿಜ. 2021ರ ಜನವರಿಯಿಂದ ಅದು ಓಎಂ ಡಿಜಿಟಲ್ ಸೊಲ್ಯೂಷನ್ಸ್. ಆಮೇಲೆ ಅವರು 2022ರಲ್ಲಿ ಓಎಂ-1, 2024ರಲ್ಲಿ ಅದರ ಮಾರ್ಕ್ 2 ತಂದರು. ಅದೇ ಮೌಂಟ್‌ಗೆ ಪ್ಯಾನಸೋನಿಕ್ 2023ರಲ್ಲಿ ಜಿ9ರ ಎರಡನೇ ಮಾದರಿ, 2024ರಲ್ಲಿ ಜಿಎಚ್7 ತಂದಿದೆ. 2008ರಲ್ಲಿ ಶುರುವಾದ ಮೈಕ್ರೋ ಫೋರ್ ಥರ್ಡ್ಸ್ ಮೌಂಟ್ ಇನ್ನೂ ನಡೆಯುತ್ತಿದೆ, ಎರಡು ಕಂಪನಿಯ ಲೆನ್ಸ್ ಒಂದಕ್ಕೊಂದು ಆಗುತ್ತದೆ. ಸೆನ್ಸರ್ 17.3×13 ಮಿಮೀ, ಫುಲ್ ಫ್ರೇಮ್‌ನ (ಹಳೆಯ ಫಿಲ್ಮ್ ಅಳತೆಯ ದೊಡ್ಡ ಸೆನ್ಸರ್) ಸುಮಾರು ಕಾಲು ಭಾಗ. ಹಕ್ಕಿಗೆ ಲಾಭ, 300 ಎಂಎಂ ಹಾಕಿದರೆ 600ರಷ್ಟು ಹತ್ತಿರ ಕಾಣುತ್ತದೆ. ರಾತ್ರಿ ಯಕ್ಷಗಾನಕ್ಕೆ, ತೆಯ್ಯಂಗೆ ಫುಲ್ ಫ್ರೇಮ್ ಎರಡು ಸ್ಟಾಪ್ ಮುಂದೆ, ಅಂದರೆ ಸುಮಾರು ನಾಲ್ಕು ಪಟ್ಟು ಬೆಳಕಿನ ಲಾಭ. ಪ್ರವೀಣರ ಕೆಲಸಕ್ಕೆ ಸಣ್ಣ ಸೆನ್ಸರ್ ಸರಿ, ರಫೀಕ್ ಕೆಲಸಕ್ಕೆ ದೊಡ್ಡದು ಸರಿ. ಜಗಳ ಯಾಕೆ?

ರಫೀಕ್, ಉಪ್ಪಳ: ಜಗಳ ನಾನು ಶುರು ಮಾಡಿಲ್ಲ. ಅವರಿಗೆ ಎಲ್ಲ ಪೋಸ್ಟ್‌ನಲ್ಲೂ ಬಂದು ಚುಚ್ಚುವುದೇ ಕೆಲಸ.

ಪ್ರವೀಣ, ಮುಳ್ಳೇರಿಯ: ಹುಡುಗಿ ಕೇಳಿದ್ದೇನು, ನೀವು ಹೇಳಿದ್ದೇನು? ಸಾಲ ಮಾಡುವವರಿಗೆ ಸುಮ್ನೆ “ಸೋನಿ ತಗೊಳ್ಳಿ” ಅಂತ ಹೇಳಿದರೆ ಆಯಿತಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಕಿರಣ, ಆದೂರು: ಸೈಲೆಂಟ್ ಶಟರ್‌ನಲ್ಲಿ ಎಲ್‌ಇಡಿ ಬೆಳಕಿಗೆ ಅಡ್ಡ ಗೆರೆ ಬರುತ್ತದೆ. ಸೆನ್ಸರ್ ಹೋಯಿತಾ?

ಸದಾಶಿವ: ಇಲ್ಲ. ಮೆಕ್ಯಾನಿಕಲ್ ಶಟರ್‌ಗೆ ಹಾಕಿ, ಶಟರ್ ಸ್ಪೀಡ್ 1/50 ಅಥವಾ 1/100 ಇಡಿ.

ರಫೀಕ್, ಉಪ್ಪಳ: ಸದಾಶಿವಣ್ಣ, ನನ್ನದರಲ್ಲೂ ಗೆರೆ ಉಂಟು, ಆದರೆ ಎಲ್ಲ ಫೋಟೋದಲ್ಲಿ, ಹಗಲಲ್ಲೂ, ಒಂದೇ ಜಾಗದಲ್ಲಿ. ಕಳೆದ ವಾರ ರಿಸೆಪ್ಷನ್‌ನಲ್ಲಿ ಡಿಜೆಯವರು ಲೇಸರ್ ಬಿಟ್ಟಿದ್ದರು.

ಸದಾಶಿವ: ರಫೀಕ್, ಅದು ಸೆನ್ಸರ್ ಸುಟ್ಟ ಲಕ್ಷಣ. ಒರೆಸಿದರೆ ಹೋಗುವುದಿಲ್ಲ, ಸೆನ್ಸರ್ ಬದಲಿಸಬೇಕಾಗಬಹುದು. ಡಿಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಮಾಡುವವರೆಗೆ ಕನ್ನಡಿ ಅಡ್ಡ ಇರುತ್ತದೆ. ಮಿರರ್‌ಲೆಸ್‌ನಲ್ಲಿ ಕ್ಯಾಮೆರಾ ಆನ್ ಇದ್ದಷ್ಟು ಹೊತ್ತೂ ಸೆನ್ಸರ್ ತೆರೆದೇ ಇರುತ್ತದೆ, ಲೇಸರ್ ಬೆಳಕು ಒಂದು ಕ್ಷಣ ನೇರ ಒಳಗೆ ಬಿದ್ದರೂ ಸಾಕು. ಮದುವೆ ಒಪ್ಪಿಕೊಳ್ಳುವಾಗಲೇ ಲೇಸರ್ ಉಂಟಾ ಅಂತ ಕೇಳಿ. ಇದ್ದರೆ ಸಭೆಯ ಕಡೆಗೆ, ಕ್ಯಾಮೆರಾ ಕಡೆಗೆ ಬಿಡಬಾರದು ಅಂತ ಮನೆಯವರ ಎದುರಿಗೇ ಡಿಜೆಗೆ ಹೇಳಿ. ಕ್ಯಾಮೆರಾ ತನ್ನಿ, ನೋಡುತ್ತೇನೆ.

ಹರೀಶ, ಬದಿಯಡ್ಕ: ಮದುವೆ, ಬರ್ತ್‌ಡೇ ತೆಗೆಯುವುದು. 60 ಸಾವಿರದಲ್ಲಿ ಎಂ50 ಹೇಗೆ?

ಸದಾಶಿವ: ಮೇಲೆ ಬರೆದಿದ್ದೇನೆ.

ಹರೀಶ, ಬದಿಯಡ್ಕ: ಅಷ್ಟು ಉದ್ದ ಓದಲು ಆಗುವುದಿಲ್ಲ ಅಣ್ಣ, ತಗೊಳ್ಳಬಹುದಾ ಬೇಡವಾ ಅಷ್ಟು ಹೇಳಿ.

ಪ್ರವೀಣ, ಮುಳ್ಳೇರಿಯ: 60 ಸಾವಿರ ಕೊಡಲು ಆಗುತ್ತದೆ, ಐದು ನಿಮಿಷ ಓದಲು ಆಗುವುದಿಲ್ಲವಾ?

ಶ್ರುತಿ, ಪೆರ್ಲ: ಸದಾಶಿವಣ್ಣ, ಅವರಿಗೆ ಫೋನ್ ಮಾಡಿದೆ. ಬಾಡಿ ಮತ್ತು 15-45 ಮಾತ್ರ ಕೊಡಲು ಒಪ್ಪಿದ್ದಾರೆ, ಮೊದಲು ಹೇಳಿದ ರೇಟಿನ ಅರ್ಧಕ್ಕಿಂತ ಕಡಿಮೆ. ಆರ್50ಗೆ ಲೆನ್ಸ್ ಜಾಸ್ತಿ ಇಲ್ಲ ಅಂತ ಅವರೇ ಹೇಳುತ್ತಿದ್ದರು, ಅದು ಹೌದಾ?

ಸದಾಶಿವ: ಮೊದಲು ಹೌದಾಗಿತ್ತು. 2024ರಿಂದ ಸಿಗ್ಮಾ, ಟ್ಯಾಮ್ರಾನ್‌ನವರೂ ಆರ್50ರ ಅಳತೆಯ ಸೆನ್ಸರ್‌ಗೆ ಆರ್‌ಎಫ್ ಲೆನ್ಸ್ ಮಾಡುತ್ತಿದ್ದಾರೆ. ಸಿಗ್ಮಾ 18-50 2.8 ಉಂಟು, ಉಪನಯನ, ಸೀಮಂತಕ್ಕೆ ಆ ಒಂದೇ ಲೆನ್ಸ್ ಸಾಕಾಗುತ್ತದೆ. ಅದಕ್ಕೆ ದುಡ್ಡು ಕೂಡಿಡಿ. ದುಡ್ಡು ಕೊಡುವ ಮೊದಲು ಎಂ50 ಇಲ್ಲಿಗೆ ತರಿಸಿ. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಬೇಕು, ಜೇಡನ ಬಲೆ ತರಹ ಕಂಡರೆ ಫಂಗಸ್. ಎಫ್16 ಇಟ್ಟು ಬಿಳಿ ಗೋಡೆಯ ಒಂದು ಫೋಟೋ ತೆಗೆದರೆ ಸೆನ್ಸರ್ ಮೇಲಿನ ಕಲೆ, ಗೆರೆ ಗೊತ್ತಾಗುತ್ತದೆ. ಬ್ಯಾಟರಿ ಎಲ್‌ಪಿ-ಇ12, ಅದು ಉಬ್ಬಿದೆಯಾ ನೋಡಬೇಕು. ಆದಿತ್ಯವಾರ ಅಂಗಡಿ ಇಲ್ಲ. ಸೋಮವಾರ ಹತ್ತು ಗಂಟೆಗೆ ಬನ್ನಿ, ಮಾರುವವರನ್ನೂ ಕರೆದುಕೊಂಡು ಬನ್ನಿ.