ಜಿಲ್ಲೆ ಬದಲಿಸಿದರೂ ಹಳೇ ತಾಲ್ಲೂಕುಗಳು ಹೋಗ್ತಿಲ್ಲ: ಡ್ರಾಪ್‌ಡೌನ್ ಸಮಸ್ಯೆ

ಮಾಲೂರು_ವೆಬ್:
ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರೇಷ್ಮೆ ಬೆಳೆಗಾರರ ನೋಂದಣಿಗೆ ವೆಬ್ ಆಪ್ ಮಾಡ್ತಿದ್ದೇವೆ. ಸರ್ವರಲ್ಲಿ ಪಿಎಚ್‌ಪಿ, ಡೇಟಾಬೇಸ್ ಮೈಎಸ್‌ಕ್ಯೂಎಲ್, ಮುಂದುಗಡೆ ಬರೀ ಜಾವಾಸ್ಕ್ರಿಪ್ಟ್. ಜಿಲ್ಲೆ, ತಾಲ್ಲೂಕು, ಗ್ರಾಮ ಅಂತ ಮೂರು ಡ್ರಾಪ್‌ಡೌನ್. ಕೋಲಾರ ಆರಿಸಿ ಆಮೇಲೆ ಚಿಕ್ಕಬಳ್ಳಾಪುರಕ್ಕೆ ಬದಲಿಸಿದರೆ ಬಂಗಾರಪೇಟೆ, ಮುಳಬಾಗಿಲು ಹಾಗೇ ಉಳಿದು, ಅವುಗಳ ಕೆಳಗೆ ಶಿಡ್ಲಘಟ್ಟ, ಬಾಗೇಪಲ್ಲಿ ಸೇರಿಕೊಳ್ತವೆ. ಉಳಿಸಿದ ನೋಂದಣಿ ತೆರೆದು ಬದಲಿಸುವ ತಿದ್ದುಪಡಿ ಪುಟದಲ್ಲಿ ಜಿಲ್ಲೆ ಸರಿಯಾಗಿ ಬರುತ್ತೆ, ತಾಲ್ಲೂಕು ಖಾಲಿ. ಎಲ್ಲಿ ತಪ್ಪಿದೆ?

ಕೋಡ್_ಕೈವಾರ:
ಸರ್, ಎರಡೂ ಬೇರೆ ಬೇರೆ ತೊಂದರೆ.

ಹೊಸ ಆಪ್ಷನ್ (ಪಟ್ಟಿಯ ಒಂದೊಂದು ಸಾಲು) ಸೇರಿಸುವ ಮೊದಲು ಹಳೇದನ್ನು ತೆಗೆದಿಲ್ಲ. ಜಿಲ್ಲೆಯ ಚೇಂಜ್ ಇವೆಂಟ್‌ನಲ್ಲಿ (ಬಳಕೆದಾರ ಆಯ್ಕೆ ಬದಲಿಸಿದಾಗ ಓಡುವ ಕೋಡ್) ಮೊದಲ ಸಾಲಲ್ಲೇ ತಾಲ್ಲೂಕಿನ ಸೆಲೆಕ್ಟ್ (ಡ್ರಾಪ್‌ಡೌನ್) ಮೇಲೆ, ಒಳಗಿನ ಆಪ್ಷನ್‌ಗಳನ್ನೆಲ್ಲ ತೆಗೆಯುವ ರಿಪ್ಲೇಸ್‌ಚಿಲ್ಡ್ರನ್ ಕರೆಯಿರಿ, ಗ್ರಾಮದ್ದನ್ನೂ ಖಾಲಿ ಮಾಡಿ. ಆಮೇಲೆ ‘ತಾಲ್ಲೂಕು ಆರಿಸಿ’ ಅನ್ನೋ ಆಪ್ಷನ್ ಹಾಕಿ. ಅದರ ವ್ಯಾಲ್ಯೂ (ಫಾರಂ ಜೊತೆ ಸರ್ವರ್‌ಗೆ ಹೋಗುವ ಮೌಲ್ಯ) ಖಾಲಿ ಇರಲಿ, ಸೆಲೆಕ್ಟ್‌ಗೆ ರಿಕ್ವೈರ್ಡ್ (ಕಡ್ಡಾಯ) ಕೊಡಿ. ಆರಿಸದೆ ಸಬ್ಮಿಟ್ ಒತ್ತಿದರೆ ಬ್ರೌಸರೇ ತಡೆಯುತ್ತೆ.

ತಿದ್ದುಪಡಿ ಪುಟದ್ದು ಇನ್ನೊಂದು ಕಥೆ. ಸ್ಕ್ರಿಪ್ಟ್‌ನಿಂದ ವ್ಯಾಲ್ಯೂ ಕೊಟ್ಟರೆ ಚೇಂಜ್ ಇವೆಂಟ್ ಹುಟ್ಟುವುದೇ ಇಲ್ಲ, ಹಾಗಾಗಿ ತಾಲ್ಲೂಕುಗಳು ತುಂಬಲ್ಲ. ಪಟ್ಟಿಯಲ್ಲಿ ಇಲ್ಲದ ವ್ಯಾಲ್ಯೂ ಕೊಟ್ಟರೆ ಸೆಲೆಕ್ಟ್ ಖಾಲಿ ಕಾಣುತ್ತೆ. ತುಂಬುವ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಮಾಡಿ ನೇರವಾಗಿ ಕರೆದು, ಅದು ಮುಗಿದ ಮೇಲೆ ತಾಲ್ಲೂಕಿನ ವ್ಯಾಲ್ಯೂ ಕೊಡಿ.

ಅಂದಹಾಗೆ ಎರಡೂ ಜಿಲ್ಲೆ ಸೇರಿ ಇಪ್ಪತ್ತು ತಾಲ್ಲೂಕೂ ಇಲ್ಲ. ಅವನ್ನು ಪುಟದ ಜೊತೆಗೇ ಕಳಿಸಿಬಿಡಿ, ಸರ್ವರ್‌ಗೆ ಓಡಾಟ ಬೇಡ. ಗ್ರಾಮಗಳಿಗೆ ಮಾತ್ರ ಫೆಚ್ (ಸರ್ವರ್‌ನಿಂದ ತರಿಸೋದು) ಸಾಕು.

ಪಾವಗಡ_ಫ್ರಂಟೆಂಡ್:
ಆ ಫೆಚ್‌ನಲ್ಲಿ ಒಂದು ಅಪಾಯ ಇದೆ. ನೆಟ್ ನಿಧಾನ ಇರುವ ಕಡೆ ಚಿಂತಾಮಣಿ ಆರಿಸಿ ತಕ್ಷಣ ಗುಡಿಬಂಡೆಗೆ ಹೋದರೆ, ಚಿಂತಾಮಣಿಯ ಉತ್ತರ ತಡವಾಗಿ ಬಂದು ಗುಡಿಬಂಡೆಯ ಗ್ರಾಮಗಳನ್ನು ಅಳಿಸಿಹಾಕುತ್ತೆ. ಹೊಸ ಫೆಚ್‌ಗೆ ಮುಂಚೆ ಹಳೇದನ್ನು ಜಾವಾಸ್ಕ್ರಿಪ್ಟ್‌ನ ಅಬಾರ್ಟ್‌ಕಂಟ್ರೋಲರ್‌ನಿಂದ ನಿಲ್ಲಿಸಿ. ಪಟ್ಟಿ ಬರೋವರೆಗೆ ಗ್ರಾಮದ ಸೆಲೆಕ್ಟನ್ನು ಡಿಸೇಬಲ್ಡ್ (ಆರಿಸಲಾಗದಂತೆ) ಇಡಿ, ಬಂದಮೇಲೆ ಅದನ್ನು ತೆಗೆಯೋದು ಮರೆಯಬೇಡಿ. ಡಿಸೇಬಲ್ಡ್ ಇದ್ದ ಸೆಲೆಕ್ಟಿನ ವ್ಯಾಲ್ಯೂ ಫಾರಂ ಜೊತೆ ಹೋಗುವುದೇ ಇಲ್ಲ.

ನೂರಾರು ಗ್ರಾಮಗಳಿಗೆ ಬರೀ ಸೆಲೆಕ್ಟ್ ಇಟ್ಟರೆ ಮೊಬೈಲಲ್ಲಿ ಉರುಳಿಸಿ ಉರುಳಿಸಿ ಬೆರಳು ಸೋಲುತ್ತೆ. ಹುಡುಕುವ ಪೆಟ್ಟಿಗೆ ಕೊಡಿ, ಕನ್ನಡದಲ್ಲೂ ಇಂಗ್ಲಿಷಲ್ಲೂ ಟೈಪ್ ಮಾಡಿದರೆ ಸಿಗುವಂತಿರಲಿ.

ಮಾಲೂರು_ವೆಬ್:
ತುಂಬಾ ಉಪಕಾರ. ಈಗ ವ್ಯಾಲ್ಯೂನಲ್ಲಿ ತಾಲ್ಲೂಕಿನ ಹೆಸರೇ ಇದೆ. ಹಾಗೇ ಬಿಡಬಹುದಾ?

ಕೋಡ್_ಕೈವಾರ:
ಬೇಡಿ. ಶಿಡ್ಲಘಟ್ಟವನ್ನು ಸಿಡ್ಲಘಟ್ಟ ಅಂತಲೂ ಬರೀತಾರೆ. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೂ ಹಳೇ ದಾಖಲೆ ತಂದು ಸೇರಿಸಿದರೆ ಗೌರಿಬಿದನೂರು ಕೋಲಾರದ ಕೆಳಗೇ ಇರುತ್ತೆ. ಕೇಂದ್ರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಗ್ರಾಮ ಎಲ್ಲಕ್ಕೂ ಕೋಡ್ ಇದೆ. ಅದನ್ನೇ ವ್ಯಾಲ್ಯೂ ಮಾಡಿ, ಹೆಸರು ಕಣ್ಣಿಗೆ ಮಾತ್ರ.

ಉಳಿಸುವಾಗ ಆ ತಾಲ್ಲೂಕು ಆ ಜಿಲ್ಲೆಯದ್ದೇನಾ ಅಂತ ಪಿಎಚ್‌ಪಿಯಲ್ಲೂ ನೋಡಿ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಆಪ್ಷನ್ನಿನ ವ್ಯಾಲ್ಯೂ ಯಾರು ಬೇಕಾದರೂ ಬದಲಿಸಬಹುದು. ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಟೇಬಲ್, ಡೇಟಾಬೇಸ್ ಕನೆಕ್ಷನ್ ಎರಡನ್ನೂ ಕನ್ನಡ ಅಕ್ಷರ ಹಿಡಿಸುವ ಯುಟಿಎಫ್8ಎಂಬಿ4 ಎನ್‌ಕೋಡಿಂಗ್‌ಗೆ ಹಾಕಿ ಡೇಟಾ ಮತ್ತೆ ತುಂಬಿ. ಹಾಗೆ ಕೆಟ್ಟು ಉಳಿದಿರುವ ಸಾಲುಗಳು ತಾವಾಗಿ ಸರಿಹೋಗಲ್ಲ.