ನಾರ್ತಂಬರ್‌ಲ್ಯಾಂಡಿನಲ್ಲಿ ಏಳು ದಿನ: ಹೋಲಿ ಐಲ್ಯಾಂಡ್, ಪಫಿನ್ ಹಕ್ಕಿ, ರೋಮನ್ ಗೋಡೆ ಹೊಂದಿಸೋದು ಹೇಗೆ?

ತುಂಗಾತೀರ:
ನಮಸ್ಕಾರ. ಜೂನ್ ಮೂರನೇ ವಾರ ಲಂಡನ್ನಿಂದ ಇಂಗ್ಲೆಂಡಿನ ಈಶಾನ್ಯ ಅಂಚಿನಲ್ಲಿರುವ ನಾರ್ತಂಬರ್‌ಲ್ಯಾಂಡಿಗೆ ಐದು ಜನ ಹೊರಟಿದ್ದೇವೆ: ನಾವಿಬ್ಬರು, 9 ವರ್ಷದ ಮಗಳು, ಊರಿಂದ ಬಂದಿರುವ ಅಪ್ಪ (68), ಅಮ್ಮ (64). ಅಮ್ಮನಿಗೆ ಮೊಣಕಾಲು ನೋವು. ಎಲ್ಲರೂ ಸಸ್ಯಾಹಾರಿಗಳು. ಸದ್ಯದ ಯೋಜನೆ: ಎರಡನೇ ದಿನ ಬೆಳಿಗ್ಗೆ ಹೋಲಿ ಐಲ್ಯಾಂಡ್, ಮಧ್ಯಾಹ್ನ ಪಫಿನ್ ನೋಡಲು ಫಾರ್ನ್ ದ್ವೀಪಗಳ ದೋಣಿ, ಸಂಜೆ ಬ್ಯಾಂಬರ್ಗ್ ಕೋಟೆ. ಮೂರನೇ ದಿನ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ, ರಾತ್ರಿ ಕೀಲ್ಡರ್‌ನಲ್ಲಿ ನಕ್ಷತ್ರ ವೀಕ್ಷಣೆ. ಲಂಡನ್ನಿಂದಲೇ ಕಾರು ಓಡಿಸುವುದೋ, ರೈಲೋ? ಎಲ್ಲಿ ಉಳಿಯುವುದು?

ಅಲೆಗಣಕ:
ಎರಡನೇ ದಿನವನ್ನು ಈಗಲೇ ಒಡೆದುಬಿಡಿ. ಹೋಲಿ ಐಲ್ಯಾಂಡಿಗೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದಡಿ ಮುಳುಗುತ್ತದೆ, ಪ್ರತಿ ಸಲ ಸುಮಾರು ಐದು ತಾಸು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಸೋಮವಾರದ ಲೆಕ್ಕ ಗುರುವಾರಕ್ಕೆ ಆಗುವುದಿಲ್ಲ. ನಾರ್ತಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ದಾಟಲು ಸುರಕ್ಷಿತವಾದ ವೇಳೆಯ ಪಟ್ಟಿ ಹಾಕುತ್ತದೆ. ಮೊದಲು ಅದನ್ನು ತೆರೆದು, ನಿಮ್ಮ ಏಳು ದಿನಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ರಸ್ತೆ ತೆರೆದಿರುವ ದಿನ ಯಾವುದೆಂದು ಹುಡುಕಿ, ಅದನ್ನು ದ್ವೀಪಕ್ಕೆ ಕೊಡಿ. ಉಳಿದದ್ದೆಲ್ಲ ಅದರ ಸುತ್ತ ಕೂರಲಿ.

ಕಾರು ಸಿಕ್ಕಿಕೊಳ್ಳುವುದು ಹೆಚ್ಚಾಗಿ ವೇಳೆ ಮುಗಿಯುವ ಅಂಚಿನಲ್ಲಿ ಹೊರಟವರದ್ದು. ರಸ್ತೆ ಒಣಗಿದಂತೆ ಕಾಣುತ್ತದೆ, ಆದರೆ ಸೇತುವೆಯ ಹತ್ತಿರ ನೀರು ಆಗಲೇ ಏರಿರುತ್ತದೆ. ಗಾಳಿ ಜೋರಿದ್ದರೆ ಪಟ್ಟಿಗಿಂತ ಮುಂಚೆಯೇ ಏರಬಹುದು. ಮುಗಿಯುವ ವೇಳೆಗೆ ಒಂದು ತಾಸು ಮೊದಲೇ ದ್ವೀಪ ಬಿಡಿ. ಕಂಬಗಳ ಮೇಲೆ ನಿಂತಿರುವ ಬಿಳಿ ಗೂಡು ಫೋಟೋಗಲ್ಲ, ಸಿಕ್ಕಿಕೊಂಡವರು ಏರಿ ಕುಳಿತು ಜೀವ ಉಳಿಸಿಕೊಳ್ಳಲು. ಮರಳಿನಲ್ಲಿ ನೆಟ್ಟ ಕಂಬಗಳ ಗುಂಟ ನಡೆದು ದಾಟುವ ಯಾತ್ರಿಕರ ದಾರಿಯೂ ಇದೆ, ಆದರೆ ನಿಮ್ಮ ಗುಂಪಿಗೆ ಬೇಡ. ರಸ್ತೆ ತೆರೆದಿರುವ ವೇಳೆ ಆ ದಾರಿಗೆ ಅನ್ವಯಿಸುವುದಿಲ್ಲ, ಅದು ಇನ್ನೂ ಬೇಗ ಮುಳುಗುತ್ತದೆ.

ಕಡಲಕಾಗೆ:
ಫಾರ್ನ್‌ಗೆ ಜೂನ್ ಸರಿಯಾದ ಕಾಲ. ಪಫಿನ್‌ಗಳು ಏಪ್ರಿಲ್‌ನಲ್ಲಿ ಬಂದು ಜುಲೈ ಕೊನೆಗೆ ಸಮುದ್ರಕ್ಕೆ ಹೊರಟುಹೋಗುತ್ತವೆ, ಆಗಸ್ಟ್‌ನಲ್ಲಿ ಹೋದವರಿಗೆ ಖಾಲಿ ಬಿಲಗಳಷ್ಟೇ. ಸೀಹೌಸಸ್ ಬಂದರಿನಿಂದ ದೋಣಿ. ಬುಕ್ ಮಾಡುವಾಗ ಬರೀ ಸುತ್ತಿಸಿ ತರುವ ದೋಣಿಯೋ, ಇನ್ನರ್ ಫಾರ್ನ್‌ನಲ್ಲಿ ಇಳಿಸುವುದೋ ಎಂದು ನೋಡಿ. ಇಳಿಯುವ ಶುಲ್ಕ ಆ ದ್ವೀಪಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ಗೆ ಬೇರೆ, ಸದಸ್ಯರಿಗೆ ಇಲ್ಲ.

ಟೋಪಿ ಕಡ್ಡಾಯ, ಬಿಸಿಲಿಗಲ್ಲ. ಆರ್ಕ್‌ಟಿಕ್ ಟರ್ನ್ ಹಕ್ಕಿಗಳು ನಡೆದಾಡುವ ದಾರಿಯ ಪಕ್ಕದಲ್ಲೇ ಮೊಟ್ಟೆ ಇಡುತ್ತವೆ, ಹತ್ತಿರ ಹೋದವರ ತಲೆಗೆ ರಕ್ತ ಬರುವಂತೆ ಕುಕ್ಕುತ್ತವೆ. ಮಗಳಿಗೆ ಮೊದಲೇ ಹೇಳಿ, ಇಲ್ಲವಾದರೆ ಹೆದರಿಕೊಳ್ಳುತ್ತಾಳೆ. ಅಲೆ ಜೋರಿದ್ದರೆ ದೋಣಿ ರದ್ದಾಗುತ್ತದೆ, ಆದ್ದರಿಂದ ವಾರದ ಮೊದಲರ್ಧದಲ್ಲಿ ಬುಕ್ ಮಾಡಿ, ಕೊನೆಗೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಒಳನಾಡಿನಲ್ಲಿ ಬಿಸಿಲಿದ್ದಾಗಲೂ ದಡದಲ್ಲಿ ದಟ್ಟ ಮಂಜು ಕವಿಯಬಹುದು, ಸ್ಥಳೀಯರು ಅದನ್ನು ಫ್ರೆಟ್ ಅನ್ನುತ್ತಾರೆ. ಸ್ವೆಟರ್, ಗಾಳಿತಡೆ ಕೋಟು ಜೂನ್‌ನಲ್ಲೂ ಬೇಕು.

ಕಲ್ಲುದಾರಿ:
ಕೀಲ್ಡರ್ ನಕ್ಷತ್ರಗಳನ್ನು ಕೈಬಿಡಿ. 2013ರಿಂದ ಅದು ಡಾರ್ಕ್ ಸ್ಕೈ ಪಾರ್ಕ್ (ರಾತ್ರಿಯ ಕತ್ತಲನ್ನು ಕಾಪಾಡುವ ಪ್ರದೇಶ) ನಿಜ, ಆದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9:45ರ ಹೊತ್ತಿಗೆ, ಆಕಾಶ ಪೂರ್ತಿ ಕತ್ತಲಾಗುವುದೇ ಇಲ್ಲ. ಅದು ಚಳಿಗಾಲಕ್ಕೆ ಹೇಳಿದ ಜಾಗ.

ಗೋಡೆಗೆ ಕರಾವಳಿಯಿಂದ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಐದು ರಾತ್ರಿ ಸೀಹೌಸಸ್ ಅಥವಾ ಆನಿಕ್ ಕಡೆ, ಎರಡು ರಾತ್ರಿ ಹೆಕ್ಸಮ್ ಅಥವಾ ಹಾಲ್ಟ್‌ವಿಸಲ್ ಕಡೆ ಉಳಿಯಿರಿ. ಕ್ರಿ.ಶ. 122ರಲ್ಲಿ ಶುರುವಾದ ಗೋಡೆ 73 ಮೈಲಿ ಉದ್ದ, ಅಷ್ಟನ್ನೂ ನೋಡಬೇಕಿಲ್ಲ. ಹೌಸ್‌ಸ್ಟೆಡ್ಸ್ ಕೋಟೆಗೆ ಕಾರ್ ಪಾರ್ಕಿನಿಂದ ಏರುದಾರಿ, ಅಮ್ಮನಿಗೆ ಕಷ್ಟ. ವಿಂಡೊಲಾಂಡಾ ಎಂಬ ಇನ್ನೊಂದು ರೋಮನ್ ಕೋಟೆ ಅವರಿಗೆ ಅದಕ್ಕಿಂತ ಸುಲಭ, ಅಲ್ಲದೆ ಗೋಡೆಯ ಆಸುಪಾಸಿನಲ್ಲೆಲ್ಲ ನನ್ನ ಮೆಚ್ಚಿನ ಜಾಗ. ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು 1973ರಿಂದೀಚೆಗೆ ಅಲ್ಲಿ ಮಣ್ಣಿನಡಿ ಸಿಕ್ಕಿವೆ. ಒಂದರಲ್ಲಿ ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ.

ಕಾರು: ಲಂಡನ್ನಿಂದ 300 ಮೈಲಿಗೂ ಹೆಚ್ಚು, ಹಿರಿಯರೊಂದಿಗೆ ಒಂದೇ ದಿನ ಬೇಡ. ಕಿಂಗ್ಸ್ ಕ್ರಾಸ್‌ನಿಂದ ನ್ಯೂಕ್ಯಾಸಲ್‌ಗೆ ರೈಲಿನಲ್ಲಿ ಸುಮಾರು ಮೂರು ತಾಸು, ಅಲ್ಲಿಂದ ಬಾಡಿಗೆ ಕಾರು. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ. ಐದು ಜನಕ್ಕೆ ಸಣ್ಣ ಕಾರು ತಗೊಂಡರೆ ಪೆಟ್ಟಿಗೆಗಳಿಗೆ ಜಾಗವಿರುವುದಿಲ್ಲ. ಏಳು ಸೀಟಿನದರಲ್ಲಿ ಹಿಂದಿನ ಸಾಲು ಮಡಚಿ ಸಾಮಾನು ಇಡಿ. ಮಗಳು 135 ಸೆಂ.ಮೀ. ಆಗಿಲ್ಲದಿದ್ದರೆ ಕಾನೂನಿನ ಪ್ರಕಾರ ಬೂಸ್ಟರ್ ಸೀಟು ಬೇಕು. ಆಟೊಮ್ಯಾಟಿಕ್ ಬೇಕಿದ್ದರೆ ಈಗಲೇ ಕಾಯ್ದಿರಿಸಿ.

ಒಗ್ಗರಣೆ_ಸೌಟು:
ಊಟದ ಬಗ್ಗೆ. ಹಳ್ಳಿ ಪಬ್‌ಗಳ ಅಡುಗೆಮನೆ ಹಲವೆಡೆ ರಾತ್ರಿ 8–8:30ಕ್ಕೇ ಮುಚ್ಚುತ್ತದೆ, ಭಾನುವಾರ ಸಂಜೆ ಇನ್ನೂ ಬೇಗ. ಹೊರಗೆ ಬೆಳಕಿದೆಯೆಂದು ದಡದಲ್ಲೇ ಕುಳಿತರೆ ಉಪವಾಸ. ಅಡುಗೆಮನೆಯಿರುವ ಕಾಟೇಜ್ ಹಿಡಿಯಿರಿ. ಬೇಸಿಗೆಯಲ್ಲಿ ಹಲವು ಕಾಟೇಜ್‌ಗಳು ಶನಿವಾರದಿಂದ ಶನಿವಾರಕ್ಕೇ ಕೊಡುವುದು, ಐದು ರಾತ್ರಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಒಲೆ ಇಂಡಕ್ಷನ್ ಆಗಿದ್ದರೆ ಊರಿನ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ಒಯ್ಯಿರಿ. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆರೆದು ಫ್ಯಾನ್ ಹಾಕಿ, ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ತೊಗರಿಬೇಳೆ, ಸಾರಿನಪುಡಿ, ಹುಣಿಸೆಹಣ್ಣು ಲಂಡನ್ನಿಂದಲೇ ಕಟ್ಟಿಕೊಳ್ಳಿ, ಹಳ್ಳಿ ಅಂಗಡಿಯಲ್ಲಿ ಸಿಗುವುದು ಕಷ್ಟ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಡನ್‌ಸ್ಟನ್‌ಬರ್ಗ್ ಕೋಟೆ ಅಮ್ಮನಿಗೆ ಆಗುತ್ತದೆಯೇ?

ಕಲ್ಲುದಾರಿ:
ಕೋಟೆಯವರೆಗೆ ಕಾರು ಹೋಗುವುದಿಲ್ಲ. ಕ್ರಾಸ್ಟರ್‌ನಿಂದ ಕುರಿ ಮೇಯುವ ಹುಲ್ಲುಗಾವಲಿನಲ್ಲಿ ಸುಮಾರು 2 ಕಿ.ಮೀ. ನಡಿಗೆ, ವಾಪಸ್ಸೂ ಅಷ್ಟೇ. ದಾರಿ ಬಹುಪಾಲು ಸಮತಟ್ಟು. ಅವರು ಅರ್ಧದವರೆಗೆ ಬಂದು ಕುಳಿತರೂ ಸಮುದ್ರದಂಚಿನ ಆ ಮುರುಕು ಗೋಪುರಗಳು ಚೆನ್ನಾಗಿಯೇ ಕಾಣುತ್ತವೆ. ಮಡಚುವ ಕುರ್ಚಿಯೊಂದು ಜತೆಗಿರಲಿ.