8 ಡಿಸ್ಕ್‌ನ ಸಣ್ಣ ಸರ್ವರ್‌ಗೆ ಯಾವ ಕಂಟ್ರೋಲರ್ ಕಾರ್ಡ್? ಬಜೆಟ್ 5000 ರೂ.

ಬನಶಂಕರಿ_ಬ್ಯಾಕಪ್:
ನಮಸ್ಕಾರ. ಆಫೀಸ್ ಬ್ಯಾಕಪ್‌ಗೆ 4ನೇ ತಲೆಮಾರಿನ ಐ5 ಡೆಸ್ಕ್‌ಟಾಪ್ ಒಂದನ್ನ ಸರ್ವರ್ ಮಾಡ್ತಿದ್ದೀನಿ. ಓಎಸ್ ಡೆಬಿಯನ್ ಲಿನಕ್ಸ್, ಡಿಸ್ಕ್‌ಗಳನ್ನ ಒಟ್ಟುಗೂಡಿಸಿ ಡೇಟಾ ಕಾಯೋಕೆ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್. ಬೋರ್ಡ್‌ನಲ್ಲಿ 4 ಸಾಟಾ ಪೋರ್ಟ್, ಒಂದು ಬೂಟ್ ಎಸ್‌ಎಸ್‌ಡಿಗೆ ಹೋಯ್ತು. ಈಗ 4 ಟಿಬಿಯ 6 ಡಿಸ್ಕ್, ಮುಂದೆ 8. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದು ಕೂರೋ ಉದ್ದನೆಯ ಎಕ್ಸ್16 ಸ್ಲಾಟ್ ಖಾಲಿ ಇದೆ. ಒಂದು ಗಿಡ್ಡ ಎಕ್ಸ್1 ಸ್ಲಾಟ್ ಕೂಡ ಇದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮೂರು ಕಾರ್ಡ್ ನೋಡಿದೆ: 512 ಎಂಬಿ ಕ್ಯಾಶ್ (ಬರೆಯೋ ಡೇಟಾನ ತಾತ್ಕಾಲಿಕವಾಗಿ ಇಟ್ಕೊಳ್ಳೋ ಮೆಮೊರಿ), ಬ್ಯಾಟರಿ ಇರುವ ಡೆಲ್ ಎಚ್700, ಡೆಲ್ ಎಚ್310, ಎಕ್ಸ್1ಗೆ ಕೂರುವ ಹೊಸ 10 ಪೋರ್ಟ್ ಸಾಟಾ ಕಾರ್ಡ್. ಕ್ಯಾಶ್ ಇರೋದೇ ಒಳ್ಳೇದಲ್ವಾ?

ಪ್ಲ್ಯಾಟರ್:
ಎಚ್700 ಬೇಡ ಸರ್. ಅದು ಡಿಸ್ಕನ್ನ ನೇರವಾಗಿ ಓಎಸ್ ಕೈಗೆ ಕೊಡೋದೇ ಇಲ್ಲ. ಒಂದೊಂದು ಡಿಸ್ಕನ್ನೂ ಒಂದೊಂದು ರೇಡ್-0 (ಕಾರ್ಡ್ ಕಟ್ಟೋ ಡಿಸ್ಕ್ ಗುಂಪು) ಮಾಡಿ ತೋರಿಸಬೇಕು. ನಾಳೆ ಕಾರ್ಡ್ ಸತ್ತರೆ ಅದೇ ಜಾತಿಯ ಕಾರ್ಡ್ ಹುಡುಕ್ಕೊಂಡು ಅಲೀಬೇಕು. ಬರೆದದ್ದು ನಿಜವಾಗಿ ಡಿಸ್ಕ್ ಸೇರಿತಾ ಅಂತ ಝಡ್‌ಎಫ್‌ಎಸ್‌ಗೆ ಗೊತ್ತಾಗಬೇಕು, ನಡುವೆ ಕ್ಯಾಶ್ ಕೂತರೆ ಅದೇ ತಪ್ಪಿಹೋಗುತ್ತೆ.

10 ಪೋರ್ಟ್ ಕಾರ್ಡೂ ಬಿಡಿ. ಅಂಥವುಗಳಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಚಿಪ್ ಇಟ್ಟು, ಪೋರ್ಟ್ ಮಲ್ಟಿಪ್ಲೈಯರ್ (ಒಂದೇ ಪೋರ್ಟನ್ನ ಹಲವು ಡಿಸ್ಕ್‌ಗೆ ಹಂಚೋ ಚಿಪ್) ಹಾಕಿ ಸಂಖ್ಯೆ ಹೆಚ್ಚಿಸಿರ್ತಾರೆ. ಒಂದು ಡಿಸ್ಕ್ ತಡವರಿಸಿದರೆ ಅದೇ ಮಲ್ಟಿಪ್ಲೈಯರ್‌ನಲ್ಲಿರೋ ಉಳಿದವೂ ನಿಲ್ಲುತ್ತವೆ. ನಿಮ್ಮ ಬೋರ್ಡ್‌ನ ಎಕ್ಸ್1 ಸ್ಲಾಟ್ ಪಿಸಿಐಇ 2.0, ಅಂದ್ರೆ ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ. 6 ಡಿಸ್ಕ್‌ಗೆ ಹಂಚಿದರೆ ತಲಾ 83. ತುಂಬಿದ 4 ಟಿಬಿ ಡಿಸ್ಕ್‌ಗಳ ಸ್ಕ್ರಬ್‌ಗೆ (ಎಲ್ಲ ಡೇಟಾ ಓದಿ ತಪ್ಪು ಹುಡುಕೋ ಕೆಲಸಕ್ಕೆ) 13 ಗಂಟೆ ದಾಟುತ್ತೆ.

ಉಳಿದದ್ದು ಎಚ್310. ಅದರಲ್ಲಿರೋದು ಎಲ್‌ಎಸ್‌ಐ ಕಂಪನಿಯ ಎಸ್‌ಎಎಸ್2008 ಚಿಪ್, ಅವರದೇ 9211-8ಐ ಕಾರ್ಡ್‌ನದ್ದೇ. ಐಟಿ ಮೋಡ್ ಫರ್ಮ್‌ವೇರ್ (ರೇಡ್ ಬಿಟ್ಟು ಡಿಸ್ಕನ್ನ ಹಾಗೇ ದಾಟಿಸೋ, ಕಾರ್ಡ್ ಒಳಗಿನ ಸಾಫ್ಟ್‌ವೇರ್) ಹಾಕಿದರೆ 8 ಡಿಸ್ಕ್ ನೇರವಾಗಿ ಕಾಣುತ್ತವೆ. ಒಂದು ಮಾತು: ಎಚ್310 ಮಿನಿ ಅನ್ನೋದು ಡೆಲ್ ಸರ್ವರ್ ಒಳಗೆ ಮಾತ್ರ ಕೂರುತ್ತೆ. ಮಾಮೂಲಿ ಸ್ಲಾಟಿನ ಚಿನ್ನದ ಹಲ್ಲು ಇದೆಯಾ ನೋಡಿಯೇ ದುಡ್ಡು ಕೊಡಿ.

ಕರ್ನಲ್_ಕಾಫಿ:
ಪ್ಲ್ಯಾಟರ್ ಅವರೇ, ಲೆಕ್ಕ ಇನ್ನೊಮ್ಮೆ ನೋಡಿ. ಬೋರ್ಡ್‌ನಲ್ಲಿ 3 ಪೋರ್ಟ್ ಉಳಿದಿವೆ, 8 ಡಿಸ್ಕ್ ಆದರೂ ಕಾರ್ಡ್‌ನಿಂದ ಬೇಕಿರೋದು 5. ಎಲ್ಲವೂ ಸಾಟಾ ಆದ್ರೆ ಎಎಸ್‌ಎಂ1166 ಚಿಪ್‌ನ 6 ಪೋರ್ಟ್ ಕಾರ್ಡ್ ಸಾಕು. ಪಿಸಿಐಇ 3.0ರ 2 ಲೇನ್ (ಡೇಟಾ ದಾರಿ), ಆ ಎಕ್ಸ್16 ಸ್ಲಾಟ್ 3.0 ಆಗಿದ್ರೆ ಪೂರ್ತಿ ವೇಗ ಸಿಗುತ್ತೆ, 5 ಡಿಸ್ಕ್ ಒಟ್ಟಿಗೆ ಓಡಿದರೂ ತಲಾ 390 ಎಂಬಿ. ಫ್ಲ್ಯಾಶ್ ಮಾಡೋ (ಫರ್ಮ್‌ವೇರ್ ಬದಲಿಸೋ) ರಗಳೆ ಇಲ್ಲ, ಓಎಸ್‌ನಲ್ಲೇ ಇರೋ ಮಾಮೂಲಿ ಎಎಚ್‌ಸಿಐ ಡ್ರೈವರ್ ಸಾಕು. ಒಂದೇ ದೋಷ: ಕೆಲವು ಕಾರ್ಡ್‌ಗಳ ಹಳೆಯ ಫರ್ಮ್‌ವೇರ್ 6ರ ಬದಲು 32 ಪೋರ್ಟ್ ಅಂತ ಹೇಳ್ಕೊಂಡು ಬೂಟ್ ನಿಧಾನ ಮಾಡುತ್ತೆ. ಅಪ್‌ಡೇಟ್ ಮಾಡಿದರೆ ಸರಿಹೋಗುತ್ತೆ.

ಕರೆಂಟ್ ಲೆಕ್ಕಾನೂ ಇದೆ. ಎಚ್310 10 ವ್ಯಾಟ್ ಹೆಚ್ಚುವರಿ ತಿಂದ್ರೆ ವರ್ಷಕ್ಕೆ ಸುಮಾರು 88 ಯೂನಿಟ್.

ಬನಶಂಕರಿ_ಬ್ಯಾಕಪ್:
ಥ್ಯಾಂಕ್ಸ್ ಇಬ್ಬರಿಗೂ. ಈಗಿರೋವು ಸಾಟಾನೇ. ಆದ್ರೆ ಮುಂದೆ ಹಳೆಯ ಸರ್ವರ್‌ಗಳಿಂದ ಬಿಚ್ಚಿದ ಎಸ್‌ಎಎಸ್ (ಸರ್ವರ್‌ಗಳಲ್ಲಿ ಬಳಸೋ ಬೇರೆ ಬಗೆಯ ಜೋಡಣೆ) ಡಿಸ್ಕ್ ಹಾಕುವ ಯೋಚನೆ ಇದೆ.

ಕರ್ನಲ್_ಕಾಫಿ:
ಹಾಗಿದ್ರೆ ನನ್ನ ಸಲಹೆ ವಾಪಸ್. ಸಾಟಾ ಕಾರ್ಡ್‌ಗೆ ಎಸ್‌ಎಎಸ್ ಡಿಸ್ಕ್ ಹಾಕೋಕೆ ಆಗಲ್ಲ. ಎರಡೂ ಬಗೆ ಒಪ್ಪೋ ಎಚ್310 ತಗೊಳ್ಳಿ.

ಪ್ಲ್ಯಾಟರ್:
ಹಾಗಾದ್ರೆ ಫ್ಲ್ಯಾಶ್ ಕ್ರಮ. ಮೊದಲು ಮಷೀನ್ ಯುಪಿಎಸ್ ಮೇಲೆ ಇರಲಿ, ನಡುವೆ ಕರೆಂಟ್ ಹೋದ್ರೆ ಕಾರ್ಡ್ ಕೆಲಸಕ್ಕೆ ಬಾರದ ಇಟ್ಟಿಗೆ. ಹಿಂಬದಿ ಸ್ಟಿಕರ್‌ನ 16 ಅಂಕಿಯ ಎಸ್‌ಎಎಸ್ ವಿಳಾಸ (ಕಾರ್ಡ್‌ನ ಗುರುತು ಸಂಖ್ಯೆ) ಬರ್ಕೊಳ್ಳಿ. ಫ್ರೀಡಾಸ್ (ಉಚಿತ ಡಾಸ್) ಪೆನ್‌ಡ್ರೈವ್‌ನಿಂದ ಮೆಗಾರೆಕ್ ಟೂಲ್ ಓಡಿಸಿ ಎಸ್‌ಬಿಆರ್ (ಕಾರ್ಡ್ ಯಾವುದು ಅಂತ ಹೇಳೋ ಸಣ್ಣ ಸೆಟ್ಟಿಂಗ್ ಭಾಗ) ಖಾಲಿ ಮಾಡಿ, ಫ್ಲ್ಯಾಶ್ ಅಳಿಸಿ, ರೀಬೂಟ್. ಹೊಸ ಫರ್ಮ್‌ವೇರ್ ಬರೆಯೋ ಟೂಲ್ ಡಾಸ್‌ನಲ್ಲಿ 'ಪಿಎಎಲ್' ಎರರ್ ಕೊಟ್ಟರೆ ಗಾಬರಿ ಬೇಡ, ಯುಇಎಫ್‌ಐ (ಹಳೆಯ ಬಯಾಸ್ ಜಾಗಕ್ಕೆ ಬಂದದ್ದು) ಬೋರ್ಡ್‌ಗಳಲ್ಲಿ ಅದು ಮಾಮೂಲು. ಯುಇಎಫ್‌ಐ ಶೆಲ್‌ನ ಹಳೆಯ 1ನೇ ಆವೃತ್ತಿಯಿಂದ ಓಡಿಸಿ, 2ನೆಯದರಲ್ಲಿ ಟೂಲ್ ಶುರುವಾಗೋದೇ ಇಲ್ಲ. ಮೊದಲು ಡೆಲ್‌ನ 6 ಜಿಬಿಪಿಎಸ್ ಎಚ್‌ಬಿಎ (ರೇಡ್ ಇಲ್ಲದ ಸರಳ ಕಾರ್ಡ್) ಫರ್ಮ್‌ವೇರ್, ಆಮೇಲೆ ಎಲ್‌ಎಸ್‌ಐ ಐಟಿ 20.00.07.00, ಕೊನೆಗೆ ಬರ್ಕೊಂಡ ಆ ವಿಳಾಸ. 20ರ ಮೊದಮೊದಲ ಬಿಡುಗಡೆಗಳು ಸರಿಯಿರಲಿಲ್ಲ, ಕೊನೆಯ 07 ಅಂಕಿ ನೋಡಿಯೇ ಹಾಕಿ. ಬೂಟ್ ರಾಮ್ ಹಾಕಬೇಡಿ, ಈ ಡಿಸ್ಕ್‌ಗಳಿಂದ ಬೂಟ್ ಮಾಡಲ್ಲವಲ್ಲ.

ಕಾರ್ಡ್ ಕೂರಿಸಿದ ಮೇಲೆ ಮಷೀನ್ ಆನ್ ಆಗಿ ಪರದೆ ಕಪ್ಪಗೇ ಉಳಿದರೆ, ಚಿಪ್ ಇರುವ ಬದಿಯಲ್ಲಿ ಬ್ರಾಕೆಟ್ ಕಡೆಯಿಂದ ಎಣಿಸಿ 5, 6ನೇ ಹಲ್ಲಿನ ಮೇಲೆ ತೆಳ್ಳನೆಯ ಕ್ಯಾಪ್ಟಾನ್ ಟೇಪ್ (ಶಾಖ ತಡೆಯೋ ಇನ್ಸುಲೇಷನ್ ಟೇಪ್) ಅಂಟಿಸಿ. ಅವು ಎಸ್‌ಎಂಬಸ್ ಗೆರೆಗಳು, ಬೋರ್ಡ್ ಬಿಡಿಭಾಗಗಳ ಜೊತೆ ಸಣ್ಣಪುಟ್ಟ ಮಾತಾಡೋ ದಾರಿ.

ವೈರ್_ಗೋಪುರ:
ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಎಸ್‌ಎಫ್‌ಎಫ್-8087 (ಕಾರ್ಡ್ ಮೇಲಿನ ಕನೆಕ್ಟರ್) ನಿಂದ 4 ಸಾಟಾ, ಅದೂ 'ಫಾರ್ವರ್ಡ್' ಬ್ರೇಕ್‌ಔಟ್ ಅಂತ ಕೇಳಿ. 'ರಿವರ್ಸ್' ನೋಡೋಕೆ ಥೇಟ್ ಹಾಗೇ ಇರುತ್ತೆ, ಆದ್ರೆ ಒಂದು ಡಿಸ್ಕೂ ಕಾಣಲ್ಲ. ಎಸ್‌ಎಎಸ್ ಡಿಸ್ಕ್ ಬಂದಾಗ ಇನ್ನೊಂದು ಬಗೆ ಬೇಕು, 8482 ತುದಿಯದ್ದು.

ಆ ಹೀಟ್‌ಸಿಂಕ್ ಸರ್ವರ್‌ನ ಜೋರು ಗಾಳಿಗೆ ಮಾಡಿದ್ದು. ಡೆಸ್ಕ್‌ಟಾಪ್ ಡಬ್ಬದಲ್ಲಿ, ಅದೂ ಏಪ್ರಿಲ್ ಬಿಸಿಲಲ್ಲಿ, ಕೈ ಇಡೋಕಾಗಲ್ಲ. ಹಳೆಯ ಪೇಸ್ಟ್ ತೆಗೆದು ಹೊಸದು ಹಚ್ಚಿ, 40 ಎಂಎಂ ಫ್ಯಾನ್ ಕಟ್ಟಿ. ಮುಂದೆ ಎರರ್ ಬಂದರೆ ಹೀಗೆ ನೋಡಿ: ಒಂದೇ ಡಿಸ್ಕ್‌ನ ಸ್ಮಾರ್ಟ್ (ಡಿಸ್ಕ್ ತಾನೇ ಕೊಡೋ ಆರೋಗ್ಯ ವರದಿ) 199ನೇ ಅಂಶ, ಅಂದ್ರೆ ಡೇಟಾ ಸಾಗಣೆಯ ತಪ್ಪುಗಳ ಎಣಿಕೆ, ಏರ್ತಿದ್ರೆ ಮೊದಲ ಅನುಮಾನ ಕೇಬಲ್ ಮೇಲೆ. ಕಾರ್ಡ್‌ನ ಡಿಸ್ಕ್‌ಗಳೆಲ್ಲ ಒಟ್ಟಿಗೆ ಮಾಯವಾದ್ರೆ ಕಾರ್ಡ್ ಬಿಸಿಯಾಗಿದೆಯಾ, ಪವರ್ ಸಪ್ಲೈ ಕುಸೀತಿದೆಯಾ ನೋಡಿ.